ಸುಟ್ಟ ಬಂಗುಡೆಯ ಒತ್ತು ಸುಶಿ

ಅಕ್ಕನ ಮಗ ಬೆಂಗಳೂರಿನಿಂದ ಕಾರವಾರಕ್ಕೆ ಬಂದಾಗಲೆಲ್ಲ ಟ್ಯೂನಾ ಸುಶಿಯ ಜಪ ಮಾಡುತ್ತಾನೆ. ವಿನೆಗರ್ ಬೆರೆಸಿದ ಅನ್ನಕ್ಕೆ ಮೀನು, ಹೆಚ್ಚಾಗಿ ಹಸಿಯದೇ, ಜೋಡಿಸುವ ಜಪಾನಿ ತಿನಿಸು ಅದು. ನಾನು ಮಾಡಿಕೊಡುವುದು ಮಾತ್ರ ಬಂಗುಡೆಯದು, ಅದೂ ಸುಟ್ಟದ್ದು. ಹಸಿ ಮೀನಿನ ಹುಳು ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಮನೆಯ ಫ್ರಿಜ್ಜನ್ನು ಅಷ್ಟು ನಂಬಲಾಗದು, ವಿನೆಗರ್‌ಗೆ ಹುಳು ಜಗ್ಗುವುದಿಲ್ಲ. ಜಪಾನಿನವರೂ ಇದೇ ಬಳಗದ ಮೀನನ್ನು ಸುಟ್ಟು ಸುಶಿ ಮಾಡುತ್ತಾರೆ. ಇದು ನನ್ನ ಕಿತಾಪತಿಯಲ್ಲ.

ಮಂಜುಗಡ್ಡೆಯ ಮೇಲಿರುವ, ಕಿವಿರು ಕೆಂಪಗಿರುವ ಎರಡು ಬಂಗುಡೆ ಆರಿಸಿ. ಬಿಸಿಲಿನಲ್ಲಿ ಕಾದ ಬಂಗುಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷ ಸುಟ್ಟರೂ ಹೋಗುವುದಿಲ್ಲ. ಗೇಣುದ್ದಕ್ಕಿಂತ ಚಿಕ್ಕದು ಎಷ್ಟೇ ಅಗ್ಗವಾದರೂ ಬೇಡ, ಅದು ಇನ್ನೂ ಮೊಟ್ಟೆಯಿಡಬೇಕಾದ ಮರಿ. ಬೆನ್ನುಮೂಳೆ ಬಿಡಿಸಿ, ನಡುವಿನ ಸಣ್ಣ ಮುಳ್ಳುಗಳನ್ನು ಚಿಮಟದಿಂದ ಕಿತ್ತು, ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಡಿ. ಒರೆಸಿ, ಚರ್ಮದ ಕಡೆಯಿಂದ ಶುರುಮಾಡಿ ಕಾವಲಿಯ ಮೇಲೆ ಪೂರ್ತಿ ಬೇಯಿಸಿ.

ಕುಚ್ಚಲಕ್ಕಿ ಅಂಟುವುದಿಲ್ಲ. ಹೊಸ ಬೆಳ್ತಿಗೆ ಅಕ್ಕಿ ಎರಡು ಲೋಟ ತೆಗೆದುಕೊಂಡು ಮೆತ್ತಗೆ ಅನ್ನ ಮಾಡಿ. ಬಿಸಿಯಿರುವಾಗಲೇ ಮೂರು ದೊಡ್ಡ ಚಮಚ ವಿನೆಗರ್, ಒಂದೂವರೆ ಚಮಚ ಸಕ್ಕರೆ, ಸ್ವಲ್ಪ ಉಪ್ಪು ಬೆರೆಸಿ, ಅಗಲ ಪರಾತದಲ್ಲಿ ಬೀಸಣಿಗೆಯಿಂದ ಆರಿಸಿ. ಗೋವೆಯ ತೆಂಗಿನ ವಿನೆಗರ್ ಸಿಕ್ಕರೆ ನನಗೆ ಅದೇ ಇಷ್ಟ.

ಸ್ಟೀಲ್ ಡಬ್ಬಿಗೆ ಬಾಳೆಲೆ ಹಾಸಿ, ಮೀನಿನ ಚರ್ಮ ಕೆಳಗಿರುವಂತೆ ಇಟ್ಟು, ಶುಂಠಿಯ ಎಳೆ ಚೆಲ್ಲಿ, ಮೇಲೆ ಅನ್ನ ತುಂಬಿ. ಇನ್ನೊಂದು ಎಲೆ ಮುಚ್ಚಿ ಗುಂಡುಕಲ್ಲು ಹೇರಿ, ಅರ್ಧ ಗಂಟೆ ಬಿಡಿ.

ಆ ಅರ್ಧ ಗಂಟೆ, ಟ್ಯೂನಾ ಯಾಕೆ ಬೇಡವೆಂದು ಹುಡುಗನಿಗೆ ನನ್ನ ಉಪನ್ಯಾಸ. 1970ರ ಆಸುಪಾಸಿನವರೆಗೂ ಕೆನಡಾದ ಪೂರ್ವ ತೀರದಲ್ಲಿ ಮೋಜಿಗೆ ಹಿಡಿದ ಬ್ಲೂಫಿನ್ ಎಂಬ ದೈತ್ಯ ಜಾತಿಯ ಟ್ಯೂನಾವನ್ನು ಹೂಳುತ್ತಿದ್ದರು. ಜಪಾನಿಗೆ ಖಾಲಿ ಮರಳುತ್ತಿದ್ದ ಸರಕು ವಿಮಾನಗಳು 1972ರಲ್ಲಿ ಅದನ್ನು ಟೋಕಿಯೋಗೆ ಹೊತ್ತವು. 2019ರಲ್ಲಿ ಅಲ್ಲಿನ ಹರಾಜಿನಲ್ಲಿ 278 ಕಿಲೋದ ಒಂದೇ ಮೀನು 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು! 2010ರಲ್ಲಿ ದೋಹಾದಲ್ಲಿ ನಡೆದ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸಭೆಯಲ್ಲಿ ಅಟ್ಲಾಂಟಿಕ್ ಬ್ಲೂಫಿನ್ ವ್ಯಾಪಾರ ನಿಷೇಧದ ಪ್ರಸ್ತಾಪ ಬಿದ್ದುಹೋಯಿತು. ಹಿಡಿಯುವ ಪ್ರಮಾಣಕ್ಕೆ ಬಿಗಿ ಮಿತಿ ಹಾಕಿದ ಮೇಲೆಯೇ ಸಂಖ್ಯೆ ಕುಸಿದಿದ್ದ ಆ ಮೀನು ಚೇತರಿಸಿಕೊಂಡಿತು. "ಹೋಟೆಲಿನದು ಬ್ಲೂಫಿನ್ ಅಲ್ಲ, ಚಿಕ್ಕಮ್ಮ" ಎನ್ನುತ್ತಾನೆ. ಸರಿಯಪ್ಪ, ನಮ್ಮ ಹಿಂದೂ ಮಹಾಸಾಗರದ ಹಳದಿ ರೆಕ್ಕೆಯ ಟ್ಯೂನಾವನ್ನೂ ಅತಿಯಾಗಿ ಹಿಡಿಯಲಾಗಿದೆ ಎಂದು ವಿಜ್ಞಾನಿಗಳು 2015ರಲ್ಲಿ ಎಚ್ಚರಿಸಿದ್ದರಲ್ಲ.

ಡಬ್ಬಿ ಬೋರಲು ಹಾಕಿ, ಪ್ರತಿ ಸಲ ಚಾಕು ಒದ್ದೆ ಮಾಡಿಕೊಂಡು ಎರಡು ಬೆರಳಗಲ ಕತ್ತರಿಸಿ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಕಲ್ಲಾಗುತ್ತದೆ. ಎರಡು ಗಂಟೆಯೊಳಗೆ ತಿಂದು ಮುಗಿಸಿ.