ಗದ್ದಕ್ಕೆ ಹೊಲಿಗೆ ಹಾಕಿ ಮನೆಗೆ ಕಳಿಸುವ ಮೊದಲು

ನಾನು ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್. ಬಾಯಿ, ದವಡೆ, ಮುಖದ ಮೂಳೆ, ಇಷ್ಟರ ಆಪರೇಷನ್ ನನ್ನ ಕೆಲಸ. ಹಲ್ಲಿನ ಡಾಕ್ಟರ್ ಓದು ಬಿಡಿಎಸ್ 5 ವರ್ಷ, ಅದರ ಮೇಲೆ ಎಂಡಿಎಸ್ 3 ವರ್ಷ. ಇರುವುದು ಚಿತ್ರದುರ್ಗದ ಕಡೆ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕ. ಬೆಂಗಳೂರಿನಿಂದ ಪುಣೆಗೆ ಹೋಗುವ ರಸ್ತೆ. ಲಾರಿ, ಬಸ್ಸು, ಅವುಗಳ ನಡುವೆ ಅರ್ಧ ಹೆಲ್ಮೆಟ್ ಹಾಕಿಕೊಂಡ ಬೈಕಿನವರು. ಆ ಹೆಲ್ಮೆಟ್ ಪೊಲೀಸರಿಗೆ ತೋರಿಸೋಕೆ ಅಷ್ಟೇ, ಗದ್ದಕ್ಕೂ ಕೆನ್ನೆಗೂ ಅದರಿಂದ ಏನೂ ರಕ್ಷಣೆ ಇಲ್ಲ. ಹಾಗಾಗಿ ನನಗೆ ಕೆಲಸಕ್ಕೆ ಬರವಿಲ್ಲ. ರೋಗಿ ಸರಿಯಾದ ಹೊತ್ತಿಗೆ ನನ್ನ ಹತ್ತಿರ ಬಂದು ಮುಟ್ಟುವುದೇ ಕಷ್ಟ.

"ಸಾರ್, ನೀವು ಹಲ್ಲಿನ ಡಾಕ್ಟ್ರಲ್ವಾ? ಮೂಳೆ ಆಪರೇಷನ್ ನೀವೇ ಮಾಡ್ತೀರಾ, ಬೇರೆಯವರು ಬರ್ತಾರಾ?" ಇದು ರೋಗಿಯ ಕಡೆಯವರು ಕೇಳುವ ಮಾತು. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ. ಅವರಿಗೆ ಹೇಗೆ ಗೊತ್ತಿರಬೇಕು? ಆದರೆ ಇದೇ ಪ್ರಶ್ನೆಯನ್ನು ಡಾಕ್ಟರುಗಳೇ ಕೇಳುತ್ತಾರೆ, ಅದು ನಿಜವಾದ ತೊಂದರೆ. ಮುಖ ಒಡೆದುಕೊಂಡು ಬಂದವರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ಆ ರಾತ್ರಿ ಡ್ಯೂಟಿಯಲ್ಲಿದ್ದವರಿಗೆ ಯಾರ ನಂಬರ್ ನೆನಪಾಯಿತು ಅನ್ನುವುದರ ಮೇಲೆ ನಿಂತಿರುತ್ತದೆ. ಮೂಗಲ್ಲಿ ರಕ್ತ ಅಂದರೆ ಇಎನ್‌ಟಿ, ಚರ್ಮ ಹರಿದಿದ್ದರೆ ಪ್ಲಾಸ್ಟಿಕ್ ಸರ್ಜನ್, ಮೂಳೆ ಅಂದರೆ ಆರ್ಥೋ. ಆರ್ಥೋದವರು ದವಡೆ ನಮ್ಮದಲ್ಲ ಅನ್ನುತ್ತಾರೆ. ಹೀಗೆ ಅಲೆದಾಡುವಷ್ಟರಲ್ಲಿ ಎರಡು ಮೂರು ವಾರ ಆಯಿತು ಅಂದರೆ ಮೂಳೆ ಸೊಟ್ಟಗೇ ಕೂಡಿಕೊಂಡುಬಿಡುತ್ತದೆ. ಆಮೇಲೆ ಅದನ್ನು ಮತ್ತೆ ಮುರಿದು ಕೂರಿಸಬೇಕು.

ಹಲ್ಲಿನ ಓದು ಓದಿದವನಿಗೆ ದವಡೆ ಮೂಳೆಯ ಕೆಲಸ ಯಾಕೆ ಅಂದರೆ, ದವಡೆ ಸರಿಯಾಗಿ ಕೂತಿದೆಯಾ ಅಂತ ಹೇಳುವುದು ಹಲ್ಲುಗಳೇ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನ ಹಾಗೇ ಕೂಡಬೇಕು. ಅದಕ್ಕೇ ಮೊದಲು ಎರಡೂ ಸಾಲಿನ ಹಲ್ಲುಗಳನ್ನು ತಂತಿಯಲ್ಲಿ ಸೇರಿಸಿ ಕಟ್ಟುತ್ತೇವೆ, ಆಮೇಲೆ ಪ್ಲೇಟು ಸ್ಕ್ರೂ. ಈ ಲೆಕ್ಕ ತಪ್ಪಿದರೆ ಎಕ್ಸ್‌ರೇಯಲ್ಲಿ ಪ್ಲೇಟು ಚಂದ ಕಾಣುತ್ತದೆ, ರೋಗಿಗೆ ರೊಟ್ಟಿ ಅಗಿಯಲು ಆಗುವುದಿಲ್ಲ. ವಾದಕ್ಕೆ ನಿಲ್ಲುವ ಡಾಕ್ಟರ್ ಗೆಳೆಯರಿಗೆ ನಾನು ಮೊದಲ ಮಹಾಯುದ್ಧದ ಕಥೆ ಹೇಳುತ್ತೇನೆ. ಪ್ಲಾಸ್ಟಿಕ್ ಸರ್ಜರಿಯ ಪಿತಾಮಹ ಅನ್ನಿಸಿಕೊಂಡ ಹೆರಾಲ್ಡ್ ಗಿಲೀಸ್ 1915ರಲ್ಲಿ ಫ್ರಾನ್ಸಿಗೆ ಹೋದಾಗ ಮುಖ ಛಿದ್ರವಾದ ಸೈನಿಕರ ಮೇಲೆ ಕೆಲಸ ನಡೆಯುವುದನ್ನು ನೋಡಿದ್ದು ವಲಾಡಿಯೆ ಎಂಬ ದಂತವೈದ್ಯನ ಹತ್ತಿರ. ಇಷ್ಟು ಹೇಳಿದರೆ ಅರ್ಧ ಜನ ಸುಮ್ಮನಾಗುತ್ತಾರೆ.

ಈಗ ನಮ್ಮ ಕೆಲಸದ ಬಗ್ಗೆ ಜಾಗೃತಿ ಮೂಡಿಸುವ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮಾಡುವುದು ಒಂದೇ, ಉಚಿತ ಶಿಬಿರ, ಪಾಂಪ್ಲೆಟ್ಟು, ಬ್ಯಾನರ್ ಮುಂದೆ ಫೋಟೋ. ನಾನೂ ಶಿಬಿರಗಳಿಗೆ ಹೋಗುತ್ತೇನೆ, ಬೇಡ ಅನ್ನಲ್ಲ. ಆದರೆ ಶಿಬಿರಕ್ಕೆ ಬರುವವರು ಹಲ್ಲು ಕ್ಲೀನ್ ಮಾಡಿಸಲು ಬರುತ್ತಾರೆ, ನಾಳೆ ದವಡೆ ಮುರಿದುಕೊಳ್ಳುವವನು ಅಲ್ಲಿರುವುದಿಲ್ಲ. ಇದ್ದರೂ ಪ್ರಯೋಜನ ಇಲ್ಲ, ಆಕ್ಸಿಡೆಂಟ್ ಆದವನು ತನ್ನ ಡಾಕ್ಟರನ್ನು ತಾನು ಆರಿಸಿಕೊಳ್ಳುತ್ತಾನಾ? 108ರವರು ಎಲ್ಲಿ ಇಳಿಸುತ್ತಾರೋ ಅಲ್ಲಿ. ಹಾಗಾಗಿ ಯಾರು ಮೊದಲು ನೋಡುತ್ತಾರೋ ಅವರ ಹತ್ತಿರವೇ ಹೋಗಲು ಶುರು ಮಾಡಿದೆ. ಕ್ಯಾಶುವಾಲ್ಟಿಯ ಸಿಸ್ಟರ್‌ಗಳು, ಡ್ಯೂಟಿ ಡಾಕ್ಟರುಗಳು, ಆಂಬುಲೆನ್ಸ್ ಸಿಬ್ಬಂದಿ, ಮೆಡಿಕಲ್ ಶಾಪಿನವರು.

ಕ್ಯಾಶುವಾಲ್ಟಿಗೆ ಪಿಪಿಟಿ ಒಯ್ಯುವುದಿಲ್ಲ. ಲೆ ಫೋರ್ಟ್ ಎಂಬ ಫ್ರೆಂಚ್ ಸರ್ಜನ್ 1901ರಲ್ಲಿ ಮುಖದ ಮೂಳೆ ಮುರಿತವನ್ನು ಮೂರು ಬಗೆ ಅಂತ ವಿಂಗಡಿಸಿದ, ಅದು ಪರೀಕ್ಷೆಗೆ ಓದುವವರಿಗೆ ಬೇಕು. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿ ಇರುವವರಿಗೆ ಬೇಕಾಗಿದ್ದು ಬೇರೆ. ನಾನು ಒಯ್ಯುವುದು ಗಂಟಲು ನೋಡುವ ಮರದ ಕಡ್ಡಿಯ ಒಂದು ಡಬ್ಬ. ಪ್ರಜ್ಞೆ ಇದ್ದು, ಮಾತು ಕೇಳುವ ರೋಗಿಯ ಹಿಂದಿನ ಹಲ್ಲುಗಳ ನಡುವೆ ಕಡ್ಡಿ ಇಟ್ಟು, ಗಟ್ಟಿಯಾಗಿ ಕಚ್ಚಿ ಹಿಡಿಯಲು ಹೇಳಿ, ನೀವು ಕಡ್ಡಿಯನ್ನು ತಿರುಚಿ. ಲಟಕ್ ಅಂತ ಕಡ್ಡಿ ಮುರಿಯುವವರೆಗೂ ಕಚ್ಚಿ ಹಿಡಿದರೆ ಕೆಳದವಡೆ ಮುರಿದಿರುವ ಸಾಧ್ಯತೆ ಕಡಿಮೆ. ನೋವಿಗೆ ಮೊದಲೇ ಬಾಯಿ ಬಿಟ್ಟರೆ ಎಕ್ಸ್‌ರೇ ಆಗಲೇಬೇಕು. ಎರಡೂ ಕಡೆ ಮಾಡಬೇಕು. ಹಲ್ಲು ಅಲ್ಲಾಡುತ್ತಿದ್ದರೆ, ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಇದು ಬೇಡ. ಅವರವರೇ ಒಬ್ಬರ ಬಾಯಲ್ಲಿ ಒಬ್ಬರು ಕಡ್ಡಿ ಇಟ್ಟು ಮುರಿಯಲಿ ಅಂತ ಬಿಡುತ್ತೇನೆ. ನಗುತ್ತಾರೆ, ಆದರೆ ಯಾರೂ ಮರೆಯುವುದಿಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗದ್ದದ ಗಾಯ. ಮೂರು ನಾಲ್ಕು ವರ್ಷದ ಮಗು ಮೆಟ್ಟಿಲಿಂದ ಬಿದ್ದು ಗದ್ದ ಹರಿದುಕೊಂಡು ಬರುತ್ತದೆ. ಎರಡು ಹೊಲಿಗೆ, ಒಂದು ಇಂಜೆಕ್ಷನ್, "ಮನೆಗೆ ಹೋಗಿ ಅಮ್ಮ" ಅನ್ನುತ್ತಾರೆ. ಆದರೆ ಗದ್ದಕ್ಕೆ ಬಿದ್ದ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ದವಡೆ ಮೂಳೆಯಲ್ಲಿ ಮೇಲಕ್ಕೆ ಹೋಗಿ, ಕಿವಿಯ ಮುಂದಿನ ಕೀಲಿನ ಹತ್ತಿರ, ಮೂಳೆ ತೆಳ್ಳಗಿರುವ ಕಡೆ ಮುರಿಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕೀಲಿನೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ನೋವಿಗೆ ಮಗು ಬಾಯಿ ಆಡಿಸುವುದಿಲ್ಲ, ನಿಧಾನವಾಗಿ ಕೀಲು ಮೂಳೆಗೆ ಅಂಟಿಕೊಳ್ಳುತ್ತದೆ. ಅವರು ಮತ್ತೆ ಬರುವುದು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಬಾಯಲ್ಲಿ ಚಮಚ ಹೋಗಲ್ಲ, ಬ್ರಷ್ ಹೋಗದೆ ಹಲ್ಲೆಲ್ಲ ಹುಳುಕು, ಕೆಳದವಡೆ ಬೆಳೆಯದೆ ಗದ್ದ ಹಿಂದಕ್ಕೆ ಹೋಗಿದೆ, ರಾತ್ರಿ ಮಲಗಿದರೆ ಉಸಿರು ಕಟ್ಟಿದ ಹಾಗೆ ಗೊರಕೆ. ಅರಿವಳಿಕೆ ಕೊಡುವುದೇ ಒಂದು ಸಾಹಸ, ಬಾಯಿ ತೆರೆಯಲ್ಲವಲ್ಲ, ಮೂಗಿನಲ್ಲಿ ಸ್ಕೋಪ್ ಹಾಕಿ ಉಸಿರಿನ ಕೊಳವೆ ಇಳಿಸಬೇಕು. ಆಮೇಲೆ ಅಂಟಿದ ಮೂಳೆ ಕತ್ತರಿಸಿ ತೆಗೆಯಬೇಕು. ಅದಾದ ಮೇಲೂ ಅಮ್ಮ ತಿಂಗಳುಗಟ್ಟಲೆ ದಿನಾ ಬಾಯಿ ತೆರೆಸುವ ವ್ಯಾಯಾಮ ಮಾಡಿಸಬೇಕು, ಮಗು ಅಳುತ್ತದೆ ಅಂತ ಬಿಟ್ಟರೆ ಮತ್ತೆ ಅಂಟುತ್ತದೆ.

ಬಿದ್ದ ದಿನವೇ ಗೊತ್ತಾಗಿದ್ದರೆ? ಮಕ್ಕಳಲ್ಲಿ ಹೆಚ್ಚಿನ ಸಲ ಚಾಕು ಮುಟ್ಟಬೇಕಾಗಿಲ್ಲ. ಕೆಲವು ದಿನ ಮೆತ್ತಗಿನ ಊಟ, ಬೇಗನೇ ಬಾಯಿ ಆಡಿಸುವುದು, ಕರೆದಾಗ ತೋರಿಸಲು ಬರುವುದು. ಅದಕ್ಕೇ ನಾನು ಕೇಳುವುದು ಇಷ್ಟೇ. ಗದ್ದಕ್ಕೆ ಹೊಲಿಗೆ ಹಾಕುವವರು ಎರಡೂ ಕಿವಿಯ ಮುಂದೆ ಬೆರಳಿಟ್ಟು ಮಗುವಿಗೆ ಆ ಅನ್ನಲು ಹೇಳಿ. ಅಲ್ಲಿ ಒತ್ತಿದರೆ ನೋವಾ? ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ಎಳೆಯುತ್ತಾ? ಎಳೆದರೆ ಮುರಿದಿರುವುದು ಆ ಕಡೆಯೇ ಇರಬಹುದು, ಕಳಿಸಿ. ಏನೂ ಇಲ್ಲದಿದ್ದರೂ ಹೊಲಿಗೆ ಬಿಚ್ಚಲು ಬಂದಾಗ ಇನ್ನೊಂದು ಸಲ ಬಾಯಿ ತೆರೆಸಿ ನೋಡಿ. ಒಂದು ನಿಮಿಷದ ಕೆಲಸ.

ಮಕ್ಕಳದೇ ಇನ್ನೊಂದಿದೆ. ಕಬಡ್ಡಿ ಆಡುವಾಗ ಕಣ್ಣಿಗೆ ಮೊಣಕೈ ಬಡಿಯಿತು ಅಂದುಕೊಳ್ಳಿ. ಕಣ್ಣು ಕೆಂಪಾಗಿಲ್ಲ, ಊತವೂ ಜಾಸ್ತಿ ಇಲ್ಲ, ಹುಡುಗ ಮಾತ್ರ ವಾಂತಿ ಮಾಡುತ್ತಿದ್ದಾನೆ. ತಲೆಗೆ ಪೆಟ್ಟು ಅಂತ ಸ್ಕ್ಯಾನ್ ಮಾಡಿಸುತ್ತಾರೆ, ಮೆದುಳು ಸರಿ ಇದೆ, ಮನೆಗೆ ಹೋಗಿ. ಮೇಲೆ ನೋಡು ಅಂತ ಯಾರೂ ಹೇಳಿರುವುದಿಲ್ಲ. ಕಣ್ಣಿನ ಕೆಳಗಿನ ತೆಳು ಮೂಳೆ ಬಿರಿದು ಮತ್ತೆ ಮುಚ್ಚಿಕೊಂಡಾಗ ಕಣ್ಣಾಡಿಸುವ ಸ್ನಾಯು ಸಿಕ್ಕಿಹಾಕಿಕೊಂಡಿರುತ್ತದೆ, ಅದಕ್ಕೇ ಕಣ್ಣು ಮೇಲಕ್ಕೆ ಹೊರಳಲ್ಲ, ವಾಂತಿಯೂ ಅದರಿಂದಲೇ. ಅದನ್ನು ಒಂದೆರಡು ದಿನದಲ್ಲಿ ಬಿಡಿಸಬೇಕು, ತಡವಾದರೆ ಒಂದು ವಸ್ತು ಎರಡಾಗಿ ಕಾಣುವುದು ಹಾಗೇ ಉಳಿಯಬಹುದು. ಇದನ್ನು ಕಣ್ಣಿನ ಡಾಕ್ಟರುಗಳು ಬೇಗ ಹಿಡಿಯುತ್ತಾರೆ, ಅವರ ತನಕ ಹೋದರೆ.

ಮೆಡಿಕಲ್ ಶಾಪಿನ ವಿಷಯ. ನಮ್ಮಲ್ಲಿ ಹಲ್ಲುನೋವಿಗೆ ಮೊದಲ ಡಾಕ್ಟರ್ ಅವರೇ ಅಲ್ವಾ. ಅವರಿಗೆ ಮಾತ್ರೆ ಕೊಡಬೇಡಿ ಅಂತ ಭಾಷಣ ಬಿಗಿದರೆ ಮುಖ ತಿರುಗಿಸುತ್ತಾರೆ. ಸಂಜೆ ಹೊತ್ತು ಕೂತು ಟೀ ಕುಡಿಯುತ್ತಾ ಹೇಳುತ್ತೇನೆ. ಗದ್ದದ ಕೆಳಗೆ ಎರಡೂ ಕಡೆ ಊದಿ ಹಲಗೆ ಥರ ಗಟ್ಟಿಯಾಗಿದ್ದರೆ, ನಾಲಿಗೆ ಮೇಲಕ್ಕೆ ಎದ್ದಿದ್ದರೆ, ಎಂಜಲು ನುಂಗಲು ಆಗದೆ ಸುರಿಯುತ್ತಿದ್ದರೆ, ಅದು ಮಾತ್ರೆಯ ಕೇಸಲ್ಲ. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆ ಕೆಳಗೆ ಹರಡಿ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಅಂಥವರನ್ನು ಆಗಲೇ ಆಸ್ಪತ್ರೆಗೆ ಓಡಿಸಬೇಕು, ಬೆಳಿಗ್ಗೆ ನೋಡೋಣ ಅನ್ನಬಾರದು. ಈಗ ಕೆಲವು ಅಂಗಡಿಯವರು ಗಿರಾಕಿಯನ್ನು ನಿಲ್ಲಿಸಿಕೊಂಡೇ ನನಗೆ ಫೋನ್ ಮಾಡುತ್ತಾರೆ.

ಗುಟ್ಕಾದಿಂದ ಬಾಯಿ ಬಿಗಿಯುತ್ತಿದೆಯಾ ಅಂತ ನೋಡಲು ಆಶಾ ಕಾರ್ಯಕರ್ತೆಯರಿಗೆ ಹೇಳಿಕೊಟ್ಟಿದ್ದು ಒಂದೇ ಪರೀಕ್ಷೆ. ನಿಮ್ಮದೇ ಮೂರು ಬೆರಳು, ಒಂದರ ಮೇಲೊಂದು, ಮುಂದಿನ ಹಲ್ಲುಗಳ ನಡುವೆ ಹೋಗುತ್ತಾ? ಎರಡೇ ಹೋದರೆ, ಖಾರ ತಿಂದಾಗ ಬಾಯಿ ಉರಿದರೆ, ತೋರಿಸಿ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ, ಬಾಯಲ್ಲಿ ಹಾಕಿಕೊಂಡ ಮೇಲೆ ಎರಡೂ ಒಂದೇ. ಬಾಯಿ ಬಿಗಿಯುವುದು ಮುಖ್ಯವಾಗಿ ಅಡಿಕೆಯಿಂದ. ಭೀಮಸಮುದ್ರದಂಥ ಅಡಿಕೆ ಊರಿನ ಪಕ್ಕ ನಿಂತು ಈ ಮಾತು ಹೇಳುವುದು ಸುಲಭ ಅಲ್ಲ, ಸಭೆಯಲ್ಲಿ ಒಬ್ಬರಾದರೂ ಎದ್ದು ಜಗಳಕ್ಕೆ ಬರುತ್ತಾರೆ. ಬರಲಿ. ಅವರ ಬಾಯಿಗೂ ಮೂರು ಬೆರಳು ಇಟ್ಟು ನೋಡಿ ಅನ್ನುತ್ತೇನೆ.

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದು ಕಪ್ಪು ಶಿಲೀಂಧ್ರ ಶುರುವಾದಾಗ ನಮ್ಮ ವಿಭಾಗ ಏನು ಮಾಡುತ್ತದೆ ಅಂತ ತುಂಬ ಜನರಿಗೆ ಗೊತ್ತಾಯಿತು. ಮೇಲ್ದವಡೆ ಕೊಳೆತು ತೆಗೆಯಬೇಕಾದಾಗ ಇಎನ್‌ಟಿ, ಕಣ್ಣು, ನಾವು, ಎಲ್ಲರೂ ಒಂದೇ ಟೇಬಲ್ ಸುತ್ತ ನಿಂತೆವು. ಆಗ ಬೆಳೆದ ಸಲುಗೆಯಿಂದ ಈಗಲೂ ಫೋನ್ ಬರುತ್ತದೆ. ಯಾವ ಭಾಷಣದಿಂದಲೂ ಇದು ಆಗುತ್ತಿರಲಿಲ್ಲ.

ಡ್ಯೂಟಿ ಡಾಕ್ಟರುಗಳಿಗೆ ಕಲಿಸುವುದರಲ್ಲಿ ಒಂದು ತಾಪತ್ರಯ, ಪಿಜಿ ಸೀಟು ಸಿಕ್ಕಿದ ತಕ್ಷಣ ಹೋಗಿಬಿಡುತ್ತಾರೆ, ಮತ್ತೆ ಹೊಸಬರು. ಅದಕ್ಕೆ ಈಗ ಸಿಸ್ಟರ್‌ಗಳಿಗೇ ಜಾಸ್ತಿ ಹೇಳಿಕೊಡುತ್ತೇನೆ. ಹೊಸ ಡಾಕ್ಟರ್ ಕೈಗೆ ಕಡ್ಡಿ ಕೊಡುವುದು ಅವರೇ.

ಡಾಕ್ಟರುಗಳ ಗಮನ ಬೇಗ ಸೆಳೆಯುವ ಇನ್ನೊಂದು ವಿಷಯ ಪೊಲೀಸ್ ಕೇಸಾಗುವ ಗಾಯ, ಅಂದರೆ ಎಂಎಲ್‌ಸಿ. ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ನಿನ ಪ್ರಕಾರ, ಮೊದಲು ಐಪಿಸಿ 320ರಲ್ಲೂ ಹಾಗೇ ಇತ್ತು, ಮೂಳೆಯಾಗಲಿ ಹಲ್ಲಾಗಲಿ ಮುರಿದರೆ, ಜಾಗ ತಪ್ಪಿದರೆ ಅದು ತೀವ್ರ ಗಾಯ. ಹೊಡೆದಾಟದಲ್ಲಿ ಒಂದು ಹಲ್ಲು ಹೋದರೂ ಕೇಸಿನ ತೂಕ ಬದಲಾಗುತ್ತದೆ. ಊದಿದ ಕೆನ್ನೆಯ ಒಳಗೆ ಮೂಳೆ ಮುರಿದಿದ್ದು ಆ ಹೊತ್ತಿಗೆ ಕಾಣುವುದಿಲ್ಲ. ಕಣ್ಣಿನ ಕೆಳಗೆ, ಮೇಲ್ದುಟಿಯಲ್ಲಿ ಜೋಮು ಹಿಡಿದ ಹಾಗಿದೆಯಾ ಅಂತ ಕೇಳಿ, ಹೌದು ಅಂದರೆ ಮುರಿದಿರುವ ಅನುಮಾನ ಇಟ್ಟುಕೊಳ್ಳಿ. ವೂಂಡ್ ಸರ್ಟಿಫಿಕೇಟಿನಲ್ಲಿ ಸಾಮಾನ್ಯ ಗಾಯ ಅಂತ ಬರೆದು ಸಹಿ ಹಾಕುವ ಮೊದಲು ಎಕ್ಸ್‌ರೇ ಇಲ್ಲವೇ ಸಿಟಿ ಆಗಲಿ. ಅಲ್ಲಿಯವರೆಗೆ ಅಭಿಪ್ರಾಯ ಕಾಯ್ದಿರಿಸಿದೆ ಅಂತ ಬರೆದು, ನಮ್ಮವರಿಗೊಂದು ಫೋನ್ ಮಾಡಿ.