ಹಳೆಯ ಬಿ.ಎಚ್. ರಸ್ತೆಯ ಜಾಡು ಹಿಡಿಯುವ ಬಗೆ

ಭದ್ರಾವತಿ, ಶಿವಮೊಗ್ಗ, ಸಾಗರ ಈ ಮೂರೂ ಪೇಟೆಗಳಲ್ಲಿ ಬಿ.ಎಚ್. ರಸ್ತೆ ಎಂಬ ಒಂದೇ ಹೆಸರು ಕೇಳಿಬರಲು ಕಾರಣ, ಅವು ಮೂರೂ ಬೆಂಗಳೂರು–ಹೊನ್ನಾವರ ರಸ್ತೆಯ ತುಂಡುಗಳಾಗಿರುವುದು. ಮುಂದೆ ಇದೇ ದಾರಿ ರಾಷ್ಟ್ರೀಯ ಹೆದ್ದಾರಿ 206 ಆಯಿತು. 2010ರ ಮರುಸಂಖ್ಯೆಯ ಬಳಿಕ ಶಿವಮೊಗ್ಗದಿಂದ ಹೊನ್ನಾವರದವರೆಗಿನ ಭಾಗ 69 ಎನಿಸಿತು. ಹೆದ್ದಾರಿಯ ಸಂಖ್ಯೆ ಹೊಸ ಡಾಂಬರಿನೊಡನೆ ಬೈಪಾಸಿಗೆ ಸರಿದುಹೋಗುವುದರಿಂದ, ಹುಡುಕಾಟವನ್ನು ಊರೊಳಗೆ ಉಳಿದ ಈ ಹೆಸರಿನಿಂದಲೇ ಆರಂಭಿಸಬೇಕು.

ಮೊದಲು ಆಯನೂರು, ಕುಂಸಿ, ಆನಂದಪುರ, ಸಾಗರ, ತಾಳಗುಪ್ಪ ಎಂದು ದಾರಿಯ ಊರುಗಳನ್ನು ಬರೆದಿಟ್ಟುಕೊಳ್ಳಿ. ಅನಂತರ ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳನ್ನು ತರಿಸಿಕೊಳ್ಳಿ: ಶಿವಮೊಗ್ಗ 48-ಓ, ಸಾಗರ 48-ಎನ್, ಜೋಗ 48-ಜೆ ಹಾಳೆಗಳ ಗುಂಪಿಗೆ ಸೇರುತ್ತವೆ. ಇಂಚಿಗೆ ಒಂದು ಮೈಲಿಯಂತೆ ಅಚ್ಚಾದ ಹಳೆಯ ಹಾಳೆ ಸಿಕ್ಕರೆ ಅದನ್ನು ಇಂದಿನ 1:50,000 ಅಳತೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಹಳೆಯ ರಸ್ತೆ ಗುಡ್ಡದ ಮೈಯನ್ನು ಬಳಸಿಕೊಂಡು ಸಾಗಿದರೆ ಹೊಸತು ಗುಡ್ಡವನ್ನೇ ಕಡಿದು ನೇರವಾಗಿ ಹೋಗುತ್ತದೆ. ಎರಡೂ ಬೇರ್ಪಡುವ ಪ್ರತಿ ತಿರುವನ್ನೂ ಗುರುತು ಮಾಡಿಕೊಳ್ಳಿ. ಶರಾವತಿ ಹಿನ್ನೀರಿನ ಆಸುಪಾಸಿನ ದಾರಿಗಳನ್ನು ಹುಡುಕುವವರಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ಕ್ಕಿಂತ ಹಿಂದಿನ ಹಾಳೆಯೇ ಬೇಕು.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಕಂದಾಯ ಇಲಾಖೆಯ ಗ್ರಾಮನಕ್ಷೆ. ಬಂಡಿದಾರಿ, ರಸ್ತೆಗಳಂತಹ ಸಾರ್ವಜನಿಕ ಜಾಗ ದಾಖಲೆಯಲ್ಲಿ ಬಿ ಖರಾಬು ಎಂದು ನಮೂದಾಗಿರುತ್ತದೆಯಾದ್ದರಿಂದ, ನೆಲದ ಮೇಲೆ ರಸ್ತೆ ಅಳಿಸಿಹೋಗಿ ಅಡಿಕೆ ತೋಟವೇ ಎದ್ದಿದ್ದರೂ ಕಾಗದದಲ್ಲಿ ಅದರ ಉದ್ದನೆಯ ಪಟ್ಟಿ ಉಳಿದಿರುವ ಸಾಧ್ಯತೆಯಿದೆ. ಅಕ್ಕಪಕ್ಕದ ಸರ್ವೆ ನಂಬರುಗಳ ಪಹಣಿಗಳನ್ನು ತಾಳೆ ನೋಡಿ.

ಸ್ಥಳಕ್ಕೆ ಹೋಗಲು ಹುಲ್ಲು ಒಣಗುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿ ಒಳ್ಳೆಯದು. ಒಂದೇ ಸಾಲಿನಲ್ಲಿ ನಿಂತ ಮುದಿ ಮಾವು, ಗೋಳಿ, ಆಲದ ಮರಗಳು, ಹೊಳೆಯಿಲ್ಲದಂತೆ ತೋರುವಲ್ಲಿ ಇರುವ ಕಲ್ಲುಕಟ್ಟಡದ ಮೋರಿ, ಎರಡೂ ಬದಿ ದಂಡೆಯಿದ್ದು ನಡು ತಗ್ಗಾದ ಓಣಿ, ಇವೆಲ್ಲ ರಸ್ತೆಯ ಕುರುಹುಗಳು. ಮೈಲುಗಲ್ಲು ಸಿಕ್ಕರೆ ಅದು ಬಹುಮಟ್ಟಿಗೆ ಕಿಲೋಮೀಟರ್ ಅಳತೆ ರೂಢಿಗೆ ಬರುವ ಮುಂಚಿನದು. ಅಲ್ಲಿಂದ ಜಾಡು ಹಿಡಿದು 1.6 ಕಿಲೋಮೀಟರ್ ನಡೆದು ಮುಂದಿನ ಕಲ್ಲನ್ನು ಹುಡುಕಿ. ಆದರೆ ಕಲ್ಲು ಆಳವಾಗಿ ಹೂತಿದೆಯೇ ಎಂದು ಮೊದಲು ಪರೀಕ್ಷಿಸಿ, ಏಕೆಂದರೆ ಕಿತ್ತು ತಂದು ಮೆಟ್ಟಿಲಿಗೋ ಬಟ್ಟೆ ಒಗೆಯಲಿಕ್ಕೋ ಹಾಕಿಕೊಂಡ ಕಲ್ಲು ದಾರಿ ತಪ್ಪಿಸುತ್ತದೆ. ಯಾವ ಕಲ್ಲನ್ನೂ ದಯವಿಟ್ಟು ಕದಲಿಸಬೇಡಿ.

ತೋಟದ ದಣಪೆ ದಾಟುವ ಮುನ್ನ ಮನೆಯವರ ಒಪ್ಪಿಗೆಯನ್ನೂ, ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯನ್ನೂ ಪಡೆಯಿರಿ. ಹಿರಿಯರೊಡನೆ ಮಾತಾಡುವಾಗ ಹಳೆಯ ರಸ್ತೆ ಯಾವುದೆಂದು ಕೇಳಿದರೆ ಬರುವ ಉತ್ತರ ಅಸ್ಪಷ್ಟವಾಗಿರುತ್ತದೆ, "ಅಜ್ಜಯ್ಯ, ಆಗ ಬಸ್ಸು ಎಲ್ಲಿ ನಿಲ್ಲುತ್ತಿತ್ತು, ಅಡಿಕೆ ಗಾಡಿಯ ಎತ್ತುಗಳಿಗೆ ಎಲ್ಲಿ ನೀರು ಕುಡಿಸುತ್ತಿದ್ದಿರಿ?" ಎಂದು ಕೇಳಿದರೆ ಅವರೇ ಕೋಲು ಹಿಡಿದು ಎದ್ದು ಬಂದು ಜಾಗ ತೋರಿಸುತ್ತಾರೆ.