ಗರ್ಭಕೋಶ ಗಟ್ಟಿ, ಆದರೂ ರಕ್ತ: ವಿದ್ಯಾರ್ಥಿನಿಯರ ಯೋಚನೆಗೆ ಅಂಕ ಕೊಟ್ಟ ನನ್ನ ಅನುಭವ

ಹೆರಿಗೆ ಆರೈಕೆ ಕಲಿಯುವ ಹುಡುಗಿಯರಿಗೆ ಚೆಕ್‌ಲಿಸ್ಟ್ ಹಿಡಿದು ಓಸ್ಕಿ, ಅಂದರೆ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆ, ಮಾಡಿಸಿದ ಟೀಚರ್‌ಗಳಿಗೆಲ್ಲ ಗೊತ್ತು. ಕೈ ತೊಳೆದಳು, ಗ್ಲೌಸ್ ಹಾಕಿದಳು, ತಾಯಿಗೆ ವಿವರಿಸಿದಳು ಅಂತ ಟಿಕ್ ಹಾಕುತ್ತ ಹೋದರೆ 20ಕ್ಕೆ 17 ಬಂದೇ ಬರುತ್ತದೆ. ಅದೇ ಹುಡುಗಿ ಲೇಬರ್ ರೂಮಿನಲ್ಲಿ ರಕ್ತ ಹೋಗುತ್ತಿದ್ದರೆ ಗೋಡೆಯ ಚಾರ್ಟ್ ನೋಡುತ್ತ ನಿಲ್ಲುತ್ತಾಳೆ. ಯೋಚನೆಗೇ ಅಂಕ ಕೊಡಬೇಕು ಅಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರೇ ಜಾಸ್ತಿ. ಈಗ ನನ್ನ ಕಾರ್ಡ್ ಸೆಟ್ಟನ್ನು ಎರವಲು ಕೇಳುವವರೂ ಅವರೇ.

ಮೊದಲು ಮಾಡಿದ್ದೆಲ್ಲ ನೀರಿಗೆ ಹೋಯಿತು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮಿಡ್‌ವೈಫರಿ (ಹೆರಿಗೆ ಮಾಡಿಸುವ ವಿದ್ಯೆ) ವಿದ್ಯಾರ್ಥಿನಿಯರ ಯೋಚನೆ ಅಳೆಯಲೆಂದೇ ಹಾಳೆಗಳನ್ನು ಮಾಡಿದ್ದಾರೆ. ವಿದ್ಯಾರ್ಥಿನಿ ತನ್ನನ್ನೇ ಅಳೆದುಕೊಳ್ಳುವುದು ಒಂದು, ಜೊತೆಗಿರುವ ಮಿಡ್‌ವೈಫ್ ಅಳೆಯುವುದು ಇನ್ನೊಂದು. ಒಳ್ಳೆಯ ಐಡಿಯಾ. ಆ ಥರದ್ದೇ ಹಾಳೆ ಮಾಡಿ ನಮ್ಮಲ್ಲಿ ಕೊಟ್ಟರೆ ಎಲ್ಲರೂ 5ಕ್ಕೆ 5 ಹಾಕಿಕೊಂಡರು, ಇಂಟರ್ನಲ್ಸ್‌ಗೆ ಸೇರಿಸಿಬಿಟ್ಟರೆ ಅನ್ನೋ ಭಯ. ವಾರ್ಡ್ ಸಿಸ್ಟರ್ ಮೇಲಿಂದ ಕೆಳಗೆ ಒಂದೇ ಗೀಟು ಎಳೆದು ಸಹಿ ಹಾಕಿದರು. ಅವರಿಗಿರುವ ಕೆಲಸದಲ್ಲಿ ಅದು ತಪ್ಪೂ ಅಲ್ಲ. ಕೇಸ್ ಸ್ಟಡಿಯಂತೂ ಸೀನಿಯರ್ ಪುಸ್ತಕದ ನಕಲು, ತಾಯಿಯ ಬಿಪಿ ಸಮೇತ. ಅಭ್ಯಾಸಕ್ಕೆ ಬಳಸುವ ಮಾತಾಡುವ ಗೊಂಬೆ, ಮ್ಯಾನಿಕಿನ್‌ಗೆ ಎರಡೂವರೆ ಲಕ್ಷದ ಮೇಲೆ ಕೊಟೇಶನ್ ಬಂತು, ಮ್ಯಾನೇಜ್‌ಮೆಂಟ್ ಓದಲೂ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಲಕೋಟೆ. ದಪ್ಪ ಕಾಗದ, ಝೆರಾಕ್ಸ್, ಅಡುಗೆಮನೆಯ ತಕ್ಕಡಿ, ಕೆಂಪು ಬಣ್ಣ, ಎಲ್ಲ ಸೇರಿ ಸಾವಿರದ ಇನ್ನೂರು ಆಗಿರಬೇಕು, ನನ್ನ ಕೈಯಿಂದಲೇ. ಮೊದಲ ಲಕೋಟೆ ಎಲ್ಲರಿಗೂ ಒಂದೇ: ಎರಡನೇ ಹೆರಿಗೆ, ಮಗು ಹುಟ್ಟಿ ಅರ್ಧ ಗಂಟೆ, ಮಾಸು ಪೂರ್ತಿ ಬಂದಿದೆ, ಪ್ಯಾಡ್ ನೆನೆದಿದೆ, ಪಲ್ಸ್ 110. ಆಮೇಲೆ ನಾನು ಬಾಯಿ ಬಿಡುವುದಿಲ್ಲ. ಅವಳು ಏನು ಕೇಳುತ್ತಾಳೋ ಆ ಕಾರ್ಡ್ ಮಾತ್ರ ಕೊಡುತ್ತೇನೆ. ಒಂದು ಸೆಟ್ಟಿನಲ್ಲಿ ಗರ್ಭಕೋಶ ಮೆತ್ತಗೆ, ಹೊಕ್ಕುಳಿನ ಮೇಲೆ, ಬಲಕ್ಕೆ ಸರಿದಿದೆ, ಅಂದರೆ ಮೂತ್ರಕೋಶ ತುಂಬಿದೆಯಾ ಅಂತ ನೋಡಬೇಕು. ಇನ್ನೊಂದರಲ್ಲಿ ಗರ್ಭಕೋಶ ಗಟ್ಟಿಯಾಗಿದೆ, ರಕ್ತ ಮಾತ್ರ ನಿಂತಿಲ್ಲ.

ಥಿಯರಿಯಲ್ಲಿ ಸದಾ ಮೊದಲು ಬರುವವಳು ಗಟ್ಟಿ ಅನ್ನೋ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ, ಮೆತ್ತಗಿರುವ ಗರ್ಭಕೋಶವನ್ನು ಗಟ್ಟಿ ಮಾಡುವ ಮಸಾಜ್, ಆಕ್ಸಿಟೋಸಿನ್ ಇಂಜೆಕ್ಷನ್ ಅಂತ ಒಪ್ಪಿಸಿದಳು. ಹಿಂದಿನ ಬೆಂಚಿನವಳೊಬ್ಬಳು ಕಾರ್ಡನ್ನು ಎರಡು ಸಲ ಓದಿ ಸುಮ್ನೆ ನಿಂತಳು. ಆಮೇಲೆ, "ಮೇಡಂ, ಹಂಗಾದ್ರೆ ರಕ್ತ ಎಲ್ಲಿಂದ ಬರ್ತಿದೆ? ಲೈಟ್ ಬೇಕು, ಹರಿದಿದೆಯಾ ನೋಡ್ಬೇಕು" ಅಂದಳು. ಅಂಕ ಹೋಗಬೇಕಾದದ್ದು ಅಲ್ಲಿಗೆ, ಅಲ್ವಾ?

ಅಂಕ ಮೂರೇ ವಿಷಯಕ್ಕೆ. ಏನು ಕೇಳಿದೆ, ಯಾಕೆ ಕೇಳಿದೆ, ಏನು ಕಂಡರೆ ನಿನ್ನ ಅಂದಾಜು ಬಿಟ್ಟುಕೊಡುತ್ತೀಯ. ಮೂರನೆಯದರಲ್ಲೇ ಹೆಚ್ಚಿನವರು ಬೀಳುತ್ತಾರೆ. ಇಬ್ಬರು ಟೀಚರ್ ಬೇರೆಬೇರೆಯಾಗಿ ಅಂಕ ಹಾಕಬೇಕು. ಶುರುವಿನಲ್ಲಿ ಒಬ್ಬಳಿಗೇ ನಾನು 14, ಸಹೋದ್ಯೋಗಿ 6 ಕೊಟ್ಟದ್ದೂ ಇದೆ. ಕೂತು ಕಾರಣ ಹೇಳಿಕೊಳ್ಳುತ್ತ ಹೋದ ಮೇಲೆ ಎರಡು ಮೂರು ಅಂಕದ ಅಂತರಕ್ಕೆ ಬಂದಿದ್ದೇವೆ. ಇನ್ನೊಂದು, ಪ್ರಶ್ನೆ ಕನ್ನಡದಲ್ಲೇ ಕೇಳಿ. ಇಂಗ್ಲಿಷ್‌ನಲ್ಲಿ ಕೇಳಿದರೆ ಪುಸ್ತಕದ ಸಾಲು ಬರುತ್ತದೆ, ಕನ್ನಡದಲ್ಲಿ ಕೇಳಿದರೆ ಕಾರಣ ಬರುತ್ತದೆ.

ತಕ್ಕಡಿ ಯಾಕೆ ಅಂದಿರಾ? ಅದೊಂದು ಬೇರೆ ಹುಚ್ಚು. ಕೆಂಪು ನೀರು 500 ಎಂಎಲ್ ಅಳೆದು ಪ್ಯಾಡಿಗೆ, ಹಳೆ ಸೀರೆ ತುಂಡಿಗೆ ಸುರಿದು ಎಷ್ಟಿದೆ ಹೇಳಿ ಅಂದೆ. 200, 250 ಅಂದವರೇ ಹೆಚ್ಚು. ಪಿಪಿಎಚ್ (ಹೆರಿಗೆ ನಂತರದ ಅತಿ ರಕ್ತಸ್ರಾವ) ಅನ್ನೋ ಗೆರೆ ಮುಟ್ಟಿದ್ದು ಯಾರಿಗೂ ಹೊಳೆಯಲಿಲ್ಲ. ತೂಗಿಸಿದೆ. ಒಣ ತೂಕ ಕಳೆದರೆ ಒಂದು ಗ್ರಾಂಗೆ ಹೆಚ್ಚುಕಮ್ಮಿ ಒಂದು ಎಂಎಲ್. ಒಂದೆರಡು ಸಲ ತೂಗಿದ ಮೇಲೆ ಅಂದಾಜು 400ರ ಆಚೆ ಬಂತು.

ಮೂರನೇ ಲಕೋಟೆಯಲ್ಲಿ ಏನಿದೆ, ಹೆರಿಗೆ ನೋವಿನ ಪ್ರಗತಿ ಗುರುತಿಸುವ ಚಾರ್ಟ್ ಪಾರ್ಟೋಗ್ರಾಫ್‌ನಲ್ಲಿ ಎಲ್ಲಿ ಕೀಟಲೆ ಮಾಡಿದ್ದೇನೆ ಅಂತ ಇಲ್ಲಿ ಬರೆಯುವುದಿಲ್ಲ. ಮುಂದಿನ ಬ್ಯಾಚಿನವರು ಇದನ್ನು ಓದೇ ಓದುತ್ತಾರೆ.

ಈಗ ಮ್ಯಾಗ್‌ಸಲ್ಫ್ ಸೆಟ್ ಮಾಡುತ್ತಿದ್ದೇನೆ, ಅಂದರೆ ಬಿಪಿ ಏರಿದ ಗರ್ಭಿಣಿಗೆ ಫಿಟ್ಸ್ ಬರದಂತೆ ಕೊಡುವ ಮೆಗ್ನೀಷಿಯಂ ಸಲ್ಫೇಟ್. 4 ಗಂಟೆಗೊಮ್ಮೆ 5 ಗ್ರಾಂ ಅಂತ ಆರ್ಡರ್ ಇದೆ, ಡೋಸ್ ಹೊತ್ತಾಗಿದೆ, ಮೊಣಕಾಲು ತಟ್ಟಿದರೆ ಜರ್ಕ್ ಬರುತ್ತಿಲ್ಲ, ಅಂದರೆ ಮದ್ದು ಮೈಯಲ್ಲಿ ಹೆಚ್ಚಾಗಿರಬಹುದು. ಡೋಸ್ ತಡೆದು, ಉಸಿರು ಎಣಿಸಿ, ಮೂತ್ರ ನೋಡಿ, ಡಾಕ್ಟರಿಗೆ ಹೇಳಿದವಳಿಗೆ ಪೂರ್ತಿ ಅಂಕ. ಉಸಿರು ಎಣಿಸದೆ ನೇರ ಅದರ ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್ ಕೇಳಿದವಳಿಗೆ ಎಷ್ಟು ಅನ್ನುವುದರಲ್ಲಿ ನನಗೂ ಸಹೋದ್ಯೋಗಿಗೂ ಇನ್ನೂ ಜಗಳ ನಡೆದೇ ಇದೆ.